ಸಮಭಾಜಕದ ಹತ್ತಿರ ಈಕ್ವಟೋರಿಯಲ್ ಮೌಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಭಾಜಕ ವೃತ್ತದ ಆಚೀಚೆ 10-12 ಡಿಗ್ರಿಯೊಳಗೆ ಟೆಲಿಸ್ಕೋಪ್ ಇಟ್ಟುಕೊಂಡವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಆಸರೆ) ಜೊತೆ ಬರುವ ಕೈಪಿಡಿಗಳು ಧ್ರುವ ನಕ್ಷತ್ರ ಆಕಾಶದ ನಡುಮಟ್ಟದಲ್ಲಿ ಕಾಣುವ ಊರಿನವರಿಗೆ ಬರೆದವು. ಅದನ್ನೇ ಹಿಡಿದು ಹೊರಟರೆ ಇಲ್ಲಿ ಮೊದಲ ರಾತ್ರಿಯೇ ಸಿಕ್ಕಿಹಾಕಿಕೊಳ್ಳುತ್ತೇವೆ. ಧ್ರುವ ನಕ್ಷತ್ರ ಕಾಣದಿರುವುದೇ ದೊಡ್ಡ ತೊಂದರೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದಕ್ಕೆ ಬೇಕಾದಷ್ಟು ದಾರಿಗಳಿವೆ. ನಿಜವಾಗಿ ಕಾಡುವುದು ಮಲಗಿದ ಅಕ್ಷದ ಭಾರ. ಅದನ್ನು ಸರಿಮಾಡಿಕೊಂಡರೆ ಉಳಿದದ್ದು ಸುಲಭ.

## ಮೊದಲು ತಿಳಿಯಬೇಕಾದದ್ದು

ಸಮಭಾಜಕದ ಮೇಲೆ ಈಕ್ವಟೋರಿಯಲ್ ಮೌಂಟ್ ಕೆಲಸ ಮಾಡೋದೇ ಇಲ್ಲ ಅಂತಾರೆ, ನಿಜಾನಾ?

ಸುಳ್ಳು. ಈ ಮೌಂಟಿನ ತತ್ವ ಒಂದೇ: ನಕ್ಷತ್ರಗಳನ್ನು ಹಿಂಬಾಲಿಸಿ ತಿರುಗುವ ಅದರ ಆರ್‌ಎ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಆಗ ಒಂದೇ ಮೋಟಾರು 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ನಕ್ಷತ್ರ ಕಣ್ಣೆದುರು ನಿಂತುಬಿಡುತ್ತದೆ. ಅಕ್ಷ ನೆಲದಿಂದ ಎಷ್ಟು ಮೇಲಕ್ಕೆ ಎದ್ದಿರಬೇಕು ಎನ್ನುವುದು ನಿಮ್ಮ ಅಕ್ಷಾಂಶಕ್ಕೆ ಸಮ. 40 ಡಿಗ್ರಿ ಅಕ್ಷಾಂಶದಲ್ಲಿ 40 ಡಿಗ್ರಿ, ಸಿಂಗಾಪುರದಲ್ಲಿ ಒಂದೂಕಾಲು ಡಿಗ್ರಿಯ ಆಸುಪಾಸು, ಕ್ವಿಟೋ ನಗರದಲ್ಲಿ ಬಹುತೇಕ ಸೊನ್ನೆ. ಅಂದರೆ ಅಕ್ಷ ನೆಲಕ್ಕೆ ಸಮನಾಗಿ ಮಲಗಿರುತ್ತದೆ, ಅಷ್ಟೇ ವ್ಯತ್ಯಾಸ.

ಊಟಿಯ ರೇಡಿಯೋ ದೂರದರ್ಶಕ ಇದಕ್ಕೆ ಚೆಂದದ ಉದಾಹರಣೆ. 530 ಮೀಟರ್ ಉದ್ದದ ಅದನ್ನು ಸುಮಾರು 11 ಡಿಗ್ರಿ ಇಳಿಜಾರಿನ ಗುಡ್ಡದ ಮೇಲೆ ಉತ್ತರ-ದಕ್ಷಿಣವಾಗಿ ಮಲಗಿಸಿದ್ದಾರೆ. ಆ ಜಾಗದ ಅಕ್ಷಾಂಶವೂ ಅಷ್ಟೇ. ಹಾಗಾಗಿ ಅದರ ಉದ್ದದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ಅಕ್ಷದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿದರೆ ಆಕಾಶದ ಮೂಲವನ್ನು ಗಂಟೆಗಟ್ಟಲೆ ಹಿಂಬಾಲಿಸುತ್ತದೆ. ಗುಡ್ಡವೇ ಅಲ್ಲಿ ಮೌಂಟಿನ ಇಳಿಜಾರು.

ನಾನಿರೋದು 1 ಡಿಗ್ರಿ ದಕ್ಷಿಣ. ಮೌಂಟನ್ನ ಉತ್ತರಕ್ಕೆ ತಿರುಗಿಸಲಾ, ದಕ್ಷಿಣಕ್ಕಾ?

ದಕ್ಷಿಣಕ್ಕೆ. ಯಾವ ಧ್ರುವ ಕ್ಷಿತಿಜಕ್ಕಿಂತ ಮೇಲಿದೆಯೋ ಆ ಕಡೆಗೆ. ಅಕ್ಷ ಒಂದೇ ಆದ್ದರಿಂದ ಉತ್ತರಕ್ಕೆ ತಿರುಗಿಸಿ 1 ಡಿಗ್ರಿ ಕೆಳಗೆ ಬಾಗಿಸಿದರೂ ಲೆಕ್ಕ ಸರಿಯೇ. ಆದರೆ ಸೊನ್ನೆಗಿಂತ ಕೆಳಗೆ ಇಳಿಯುವ ಮೌಂಟ್ ಸಿಗುವುದು ಕಷ್ಟ.

ಕಂಟ್ರೋಲರಿನಲ್ಲಿ ಗೋಳಾರ್ಧ ಸರಿಯಾಗಿ ಹಾಕಿದ್ದೀರಾ ನೋಡಿ. ಉತ್ತರ ಧ್ರುವದ ಕಡೆ ಮುಖ ಮಾಡಿ ನಿಂತರೆ ನಕ್ಷತ್ರಗಳು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತವೆ, ದಕ್ಷಿಣ ಧ್ರುವದ ಕಡೆ ನೋಡಿದರೆ ಮುಳ್ಳಿನ ದಿಕ್ಕಿನಲ್ಲೇ. ಇದು ತಪ್ಪಿದರೆ ಮೋಟಾರು ಹಿಮ್ಮುಖ ಓಡುತ್ತದೆ. ಟ್ರ್ಯಾಕಿಂಗ್ ಹಾಕಿದಾಗ ನಕ್ಷತ್ರ ಇನ್ನೂ ಜೋರಾಗಿ ಓಡಿಹೋದರೆ ಬೇರೆಲ್ಲೂ ಹುಡುಕಬೇಡಿ, ಇದೇ ಕಾರಣ.

ಸುಮ್ನೆ ಆಲ್ಟ್-ಅಜಿಮತ್ ಮೌಂಟ್ ಇಟ್ಕೊಂಡ್ರೆ ಸಾಕಲ್ವಾ? ಯಾಕಿಷ್ಟು ತಲೆನೋವು?

ಮೇಲೆ-ಕೆಳಗೆ, ಎಡ-ಬಲಕ್ಕೆ ತಿರುಗುವ ಆ ಮೌಂಟ್ ಬರೀ ಕಣ್ಣಿಟ್ಟು ನೋಡುವುದಾದರೆ ಖಂಡಿತ ಸಾಕು. ಫೋಟೋ ತೆಗೆಯುವವರಿಗೆ ಚಿತ್ರ ಸುತ್ತುವ ತೊಂದರೆ ಇದೆ. ಸಮಭಾಜಕದಲ್ಲಿ ಅದು ದಿಕ್ಕಿನ ಮೇಲೆ ನಿಂತಿದೆ. ನೇರ ಪೂರ್ವ ಅಥವಾ ಪಶ್ಚಿಮಕ್ಕೆ ನೋಡಿದರೆ ಚಿತ್ರ ಸುತ್ತುವುದೇ ಇಲ್ಲ. ಉತ್ತರಕ್ಕೆ ತಿರುಗಿ 45 ಡಿಗ್ರಿ ಎತ್ತರದಲ್ಲಿ ನೋಡಿದರೆ ಗಂಟೆಗೆ ಸುಮಾರು 21 ಡಿಗ್ರಿ ಸುತ್ತುತ್ತದೆ. ನೆತ್ತಿಯ ಹತ್ತಿರವಂತೂ ಮೌಂಟ್ ತಾನೇ ದಿಕ್ಕು ತಪ್ಪಿದಂತೆ ಗಿರ್ರನೆ ತಿರುಗಬೇಕಾಗುತ್ತದೆ. ಚಿಕ್ಕ ಚಿಕ್ಕ ಎಕ್ಸ್‌ಪೋಷರ್ ಸೇರಿಸಿ ಚಿತ್ರ ಮಾಡುವವರಿಗೆ, ಪೂರ್ವ-ಪಶ್ಚಿಮದ ವಸ್ತುಗಳಷ್ಟೇ ಸಾಕಾದರೆ, ಆಲ್ಟ್-ಅಜಿಮತ್ ಒಳ್ಳೆಯ ಆಯ್ಕೆಯೇ. ಉದ್ದನೆಯ ಎಕ್ಸ್‌ಪೋಷರ್ ಬೇಕಿದ್ದರೆ ಮುಂದೆ ಓದಿ.

## ಟ್ರೈಪಾಡ್, ಬೋಲ್ಟ್, ಭಾರ

ನನ್ನ ಮೌಂಟ್ 10 ಡಿಗ್ರಿಗಿಂತ ಕೆಳಗೆ ಇಳಿಯಲ್ಲ. ನನಗೆ ಬೇಕಾಗಿರೋದು 2. ಹೊಸ ಮೌಂಟ್ ತಗೋಬೇಕಾ?

ಬೇಡ. ಆರ್‌ಎ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾದರೆ ಸಾಕು, ಕೆಳಗಿನ ಬುಡ ಹೇಗಿದೆ ಎಂದು ಆಕಾಶ ಕೇಳುವುದಿಲ್ಲ. ಉಳಿದ 8 ಡಿಗ್ರಿಯನ್ನು ಬುಡದಿಂದಲೇ ಬಾಗಿಸಬಹುದು.

ಒಳ್ಳೆಯ ದಾರಿ ಎಂದರೆ ಟ್ರೈಪಾಡಿನ ತಲೆಗೂ ಮೌಂಟಿಗೂ ನಡುವೆ ಓರೆಯಾದ ಅಲ್ಯೂಮಿನಿಯಂ ತುಂಡು ಕೂರಿಸುವುದು. ಲೇತ್ ಕೆಲಸದವರಿಗೆ ಕೋನ ಹೇಳಿದರೆ ಮಾಡಿಕೊಡುತ್ತಾರೆ. 8 ಡಿಗ್ರಿ ಬೇಕಿದ್ದರೆ 10 ಡಿಗ್ರಿಗೆ ಕಡೆಸಿ. ಆಗ ಮೌಂಟಿನ ತಿರುಪು ಎರಡೂ ಕಡೆ ಆಡಲು ಜಾಗ ಉಳಿಯುತ್ತದೆ. ಸರಿಯಾಗಿ ಕೊನೆಯಲ್ಲಿ ತಾಗಿಕೊಂಡು ನಿಂತ ಬೋಲ್ಟನ್ನು ಇನ್ನೊಂದು ಕೂದಲೆಳೆ ಸರಿಸಬೇಕಾದಾಗ ಆಗುವ ಸಂಕಟ ಪಟ್ಟವರಿಗೇ ಗೊತ್ತು.

ತಕ್ಷಣಕ್ಕೆ ಬೇಕೆಂದರೆ ಧ್ರುವದ ಕಡೆಯ ಕಾಲನ್ನು ಗಿಡ್ಡ ಮಾಡಿ. ಕಾಲಿನ ಪಾದಗಳು ಒಂದಕ್ಕೊಂದು 90 ಸೆಂಟಿಮೀಟರ್ ದೂರ ಇವೆ ಎನ್ನಿ. ಮುಂದಿನ ಪಾದದಿಂದ ಹಿಂದಿನ ಎರಡು ಪಾದಗಳನ್ನು ಸೇರಿಸುವ ಗೆರೆಗೆ ಸುಮಾರು 78 ಸೆಂಟಿಮೀಟರ್. 8 ಡಿಗ್ರಿ ಬಾಗಬೇಕಾದರೆ ಮುಂದಿನ ಕಡೆ ಸುಮಾರು 11 ಸೆಂಟಿಮೀಟರ್ ತಗ್ಗಬೇಕು. 5 ಡಿಗ್ರಿಗೆ ಹತ್ತಿರಹತ್ತಿರ 7. ಹಗುರ ಟೆಲಿಸ್ಕೋಪಿಗೆ ಇದು ನಡೆಯುತ್ತದೆ. ಭಾರದ್ದಕ್ಕೆ ಬೇಡ, ಯಾಕೆಂದರೆ ಭಾರವೂ ಅದೇ ಕಡೆ ವಾಲಿರುತ್ತದೆ, ಇಡೀ ಸ್ಟ್ಯಾಂಡ್ ಮುಗ್ಗರಿಸಬಹುದು.

ಟ್ರೈಪಾಡ್ ಮಟ್ಟವಾಗಿ ಇರಲೇಬೇಕು ಅಂತಾರಲ್ಲ?

ಇರಲೇಬೇಕೆಂದಿಲ್ಲ. ಮಟ್ಟ ತಪ್ಪಿದ್ದರೆ ಒಂದು ತಿರುಪು ತಿರುಗಿಸಿದಾಗ ಇನ್ನೊಂದೂ ಸ್ವಲ್ಪ ಕದಲುತ್ತದೆ, ಹಾಗಾಗಿ ಸರಿಮಾಡಲು ನಾಲ್ಕು ಸಲ ಜಾಸ್ತಿ ಓಡಾಡಬೇಕು. ಟ್ರ್ಯಾಕಿಂಗ್ ಕೆಡುವುದಿಲ್ಲ.

ಕೌಂಟರ್‌ವೇಟ್ ಟ್ರೈಪಾಡ್ ಕಾಲಿಗೆ ಬಡಿಯುತ್ತೆ! ಏನು ಮಾಡೋದು?

ಸಮಭಾಜಕದ ಹತ್ತಿರದವರು ಜಾಸ್ತಿ ಕೇಳುವ ಪ್ರಶ್ನೆ ಇದೇ. ಕೌಂಟರ್‌ವೇಟ್ ಎಂದರೆ ಟ್ಯೂಬಿನ ಭಾರಕ್ಕೆ ಎದುರಾಗಿ ಸರಳಿಗೆ ಹಾಕುವ ಗುಂಡು. ಕಾರಣ ಸರಳ. 45 ಡಿಗ್ರಿ ಅಕ್ಷಾಂಶದಲ್ಲಿ ಕೌಂಟರ್‌ವೇಟ್ ಸರಳು ಕೆಳಗಿಳಿದಾಗ 45 ಡಿಗ್ರಿ ಹೊರಕ್ಕೆ ಚಾಚಿಕೊಂಡಿರುತ್ತದೆ, ಕಾಲಿನಿಂದ ದೂರ. ಅಕ್ಷ ಮಲಗುತ್ತಾ ಹೋದಂತೆ ಸರಳು ನೆಟ್ಟಗಾಗುತ್ತದೆ. ಸಮಭಾಜಕದಲ್ಲಿ ತೂಗುಗುಂಡಿನ ಹಾಗೆ ನೇರ ಕೆಳಗೆ ನೇತಾಡುತ್ತದೆ, ಅದೂ ಮುಂದಿನ ಕಾಲಿನ ಮೇಲೆಯೇ.

ಮೊದಲು ಹೊಳೆಯುವ ಪರಿಹಾರ ಟ್ರೈಪಾಡನ್ನು 60 ಡಿಗ್ರಿ ತಿರುಗಿಸುವುದು. ಆಗ ಧ್ರುವದ ಕಡೆ ಕಾಲಿನ ಬದಲು ಎರಡು ಕಾಲುಗಳ ನಡುವಿನ ಸಂದು ಬರುತ್ತದೆ, ಗುಂಡು ಆ ಸಂದಿನಲ್ಲಿ ಆಡುತ್ತದೆ. ಆದರೆ ಅಕ್ಷ ಮಲಗಿದಾಗ ಟ್ಯೂಬು, ಕೌಂಟರ್‌ವೇಟ್, ಡೆಕ್ ತಲೆ (ಆರ್‌ಎ ಅಕ್ಷಕ್ಕೆ ಅಡ್ಡಲಾಗಿರುವ ಎರಡನೇ ಅಕ್ಷದ ಭಾಗ) ಎಲ್ಲವೂ ಬುಡದ ನಡುವಿನಿಂದ ಮುಂದಕ್ಕೆ ಸರಿದಿರುತ್ತವೆ. ಅಲ್ಲಿ ಆಸರೆಗೆ ಒಂದು ಕಾಲಿದ್ದರೆ ಗಟ್ಟಿ. ಸಂದಿದ್ದರೆ ಸ್ಟ್ಯಾಂಡು ಮುಂದಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಟ್ರೈಪಾಡಿನಲ್ಲಿ ಅಜಿಮತ್ ಗೂಟ (ಮೌಂಟನ್ನು ಎಡ-ಬಲ ಸರಿಸುವ ತಿರುಪುಗಳು ಒತ್ತುವ ಗೂಟ) ಇದ್ದರೆ ಅದನ್ನೂ ಬೇರೆ ತೂತಿಗೆ ಹಾಕಬೇಕು. ಕೆಲವದರಲ್ಲಿ ಆ ತೂತೇ ಇರುವುದಿಲ್ಲ.

ನನ್ನ ಮತ ಕೇಳಿದರೆ ಪಿಯರ್ ಎಕ್ಸ್‌ಟೆನ್ಶನ್ ಹಾಕಿ. ಟ್ರೈಪಾಡಿನ ಮೇಲೆ ಕೂರುವ ಗಿಡ್ಡ ಕಂಬ ಅದು. ಅದು ಮೌಂಟನ್ನು ಮೇಲೆತ್ತುತ್ತದೆ, ಕಾಲುಗಳು ಅಷ್ಟರಲ್ಲಿ ಕೆಳಗೆ ಉಳಿಯುತ್ತವೆ, ಮುಂದಿನ ಕಾಲು ಇದ್ದಲ್ಲೇ ಇರುತ್ತದೆ. ಟ್ರೈಪಾಡಿನ ಕಾಲುಗಳನ್ನು ಆದಷ್ಟು ಗಿಡ್ಡವಾಗಿಯೇ ಇಡಿ. ನಡುವಿನ ತಟ್ಟೆಯ ಹಿಂಭಾಗಕ್ಕೆ ಮರಳಿನ ಚೀಲವೋ ಬ್ಯಾಟರಿಯೋ ಇಟ್ಟರೆ ಮುಂದಿನ ಭಾರಕ್ಕೆ ಎದುರು ಭಾರ ಸಿಕ್ಕಿತು.

ಇನ್ನೂ ತಾಗುತ್ತಿದ್ದರೆ ಗುಂಡುಗಳನ್ನು ಬದಲಿಸಿ. ದಪ್ಪ ವ್ಯಾಸದ ಒಂದರ ಬದಲು ಸಣ್ಣ ವ್ಯಾಸದ ಎರಡು. ಇಲ್ಲವೇ ಭಾರದ ಗುಂಡನ್ನೇ ಅಕ್ಷಕ್ಕೆ ಹತ್ತಿರ ಸರಿಸಿ, ಸರಳಿನ ತುದಿ ಕಾಲಿನವರೆಗೆ ಇಳಿಯದಂತೆ ನೋಡಿ.

ಆಲ್ಟಿಟ್ಯೂಡ್ ಬೋಲ್ಟ್ ತಿರುಗಿಸೋಕೇ ಆಗ್ತಿಲ್ಲ. ಬಲ ಹಾಕಿದ್ರೆ ಬಗ್ಗುತ್ತೆ.

ಬಲ ಹಾಕಬೇಡಿ. ಮುಂದಕ್ಕೆ ಚಾಚಿದ ಭಾರವೆಲ್ಲ ಅಕ್ಷವನ್ನು ಮೇಲೆ-ಕೆಳಗೆ ಮಾಡುವ ಆ ಒಂದು ಬೋಲ್ಟಿನ ತುದಿಯ ಮೇಲೆ ಕೂತಿದೆ. ಎರಡು ಬೋಲ್ಟುಗಳು ಒಂದನ್ನೊಂದು ತಳ್ಳುವ ವಿನ್ಯಾಸದಲ್ಲಿ, ಕಡಿಮೆ ಅಕ್ಷಾಂಶಕ್ಕೆ ಇಳಿದಾಗ ಬೋಲ್ಟು ತಾಗುವ ಕೋನವೂ ಓರೆಯಾಗುತ್ತದೆ, ಹಾಗಾಗಿ ಬಗ್ಗುವುದು ಬೇಗ.

ದೊಡ್ಡ ಬದಲಾವಣೆಯನ್ನೆಲ್ಲ ಟ್ಯೂಬು, ಗುಂಡು ಎರಡನ್ನೂ ಇಳಿಸಿ ಮಾಡಿ. ಇಳಿಸಬೇಕಾದಾಗ ಕೆಳಗಿನ ಬೋಲ್ಟನ್ನು ಮೊದಲು ಸಡಿಲಿಸಿ, ಆಮೇಲೆ ಎದುರಿನದ್ದನ್ನು ಬಿಗಿ ಮಾಡಿ. ಕೊನೆಯ ಸಣ್ಣ ಹೊಂದಾಣಿಕೆ ಮಾತ್ರ ಭಾರ ಹೊತ್ತಾಗ. ಆಗ ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಮೇಲಕ್ಕೆ ಎತ್ತುತ್ತಾ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ. ಎತ್ತುತ್ತಾ ಬಂದರೆ ಭಾರ ಬೋಲ್ಟಿಗೆ ಒತ್ತಿ ಕೂರುತ್ತದೆ, ನಡುರಾತ್ರಿ ಜಾರುವುದಿಲ್ಲ. ಮೆತ್ತನೆಯ ಬೋಲ್ಟಿದ್ದರೆ ಅದೇ ಅಳತೆಯ ಗಟ್ಟಿ ಉಕ್ಕಿನದ್ದು ಹಾಕಿಸುವುದು ಒಳ್ಳೆಯದು.

ಬ್ಯಾಲೆನ್ಸ್ ಇಲ್ಲಿ ಬೇರೆ ಥರ ಮಾಡಬೇಕಾ?

ವಿಧಾನ ಅದೇ, ತಪ್ಪಿಗೆ ಕ್ಷಮೆ ಕಡಿಮೆ. ಆರ್‌ಎ ಅಕ್ಷ ಮಲಗಿದಾಗ ಗುರುತ್ವ ಅದಕ್ಕೆ ಪೂರ್ತಿ ಅಡ್ಡವಾಗಿ ಎಳೆಯುತ್ತದೆ. ಅಷ್ಟೇ ಅಸಮತೋಲ 60 ಡಿಗ್ರಿ ಅಕ್ಷಾಂಶದಲ್ಲಿ ಅರ್ಧ ಬಲ ಕೊಟ್ಟರೆ ಇಲ್ಲಿ ಪೂರ್ತಿ ಬಲ ಕೊಡುತ್ತದೆ, ಮೋಟಾರು ಅದನ್ನು ರಾತ್ರಿಯಿಡೀ ಹೊರಬೇಕು. ಸರಳನ್ನು ಅಡ್ಡಲಾಗಿ ಹಿಡಿದು ಎರಡೂ ಬದಿಗೆ ಪರೀಕ್ಷಿಸಿ. ಕ್ಯಾಮರಾ, ಫೋಕಸರ್, ವೈರುಗಳೆಲ್ಲ ಹಾಕಿದ ಮೇಲೆಯೇ ಪರೀಕ್ಷಿಸಬೇಕು. ಆಮೇಲೆ ಪೂರ್ವದ ಕಡೆ ಚೂರೇ ಚೂರು ಭಾರ ಉಳಿಸಿ, ಗೇರುಗಳು ಒಂದೇ ಬದಿಗೆ ಒತ್ತಿಕೊಂಡಿರುತ್ತವೆ.

ಫೋರ್ಕ್ ಮೌಂಟ್ ಟೆಲಿಸ್ಕೋಪಿಗೆ ವೆಜ್ ಹಾಕಬಹುದಾ?

ಟ್ಯೂಬನ್ನು ತೋಳುಗಳ ನಡುವೆ ಹಿಡಿಯುವ ಫೋರ್ಕನ್ನು ಧ್ರುವದ ಕಡೆ ಬಾಗಿಸುವ ಓರೆ ಬುಡವೇ ವೆಜ್. 10 ಡಿಗ್ರಿ ಆಸುಪಾಸಿನಲ್ಲಿ ಕಷ್ಟಪಟ್ಟು ಆಗುತ್ತದೆ. ಸೊನ್ನೆಯ ಹತ್ತಿರ ವೆಜ್ ತಟ್ಟೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಫೋರ್ಕಿನ ಎರಡು ತೋಳು ಗಾಳಿಯಲ್ಲಿ ಅಡ್ಡಲಾಗಿ ಚಾಚಿರುತ್ತವೆ, ಎಲ್ಲ ಭಾರ ಮೂರು ಬೋಲ್ಟುಗಳ ಮೇಲೆ. ದೊಡ್ಡ ಫೋರ್ಕನ್ನು ಹೀಗೆ ನೇತುಹಾಕಲು ನಾನು ಹೇಳಲಾರೆ. ಟ್ಯೂಬನ್ನು ಬಿಚ್ಚಿ ಬೇರೆ ಮೌಂಟಿಗೆ ಹಾಕುವುದೇ ವಾಸಿ.

ಕೌಂಟರ್‌ವೇಟ್ ಇಲ್ಲದ ಹಾರ್ಮೋನಿಕ್ ಮೌಂಟ್ ಬಂದಿದೆಯಲ್ಲ, ಅದು ಸರಿಹೋಗುತ್ತಾ?

ಕಾಲಿಗೆ ಬಡಿಯುವ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ, ಹಲವು ಮಾದರಿಗಳು ಕಡಿಮೆ ಅಕ್ಷಾಂಶಕ್ಕೂ ಇಳಿಯುತ್ತವೆ. ಎದುರು ಭಾರ ಇಲ್ಲದ್ದರಿಂದ ಟ್ಯೂಬು ಒಂದು ಪಕ್ಕಕ್ಕೆ ವಾಲಿದಾಗ ಇಡೀ ಸ್ಟ್ಯಾಂಡ್ ಆ ಕಡೆ ಉರುಳಬಹುದು. ಅಗಲ ಕಾಲಿನ ಟ್ರೈಪಾಡ್ ಬಳಸಿ.

## ಧ್ರುವ ಕಾಣದೆ ಅಲೈನ್ಮೆಂಟ್ (ಅಕ್ಷವನ್ನು ಧ್ರುವಕ್ಕೆ ಹೊಂದಿಸುವುದು)

ಹಗಲಲ್ಲೇ ಉತ್ತರ ದಿಕ್ಕು ಗುರುತು ಮಾಡಿಟ್ಕೊಳ್ಳೋದು ಹೇಗೆ?

ಮೊಬೈಲ್ ದಿಕ್ಸೂಚಿಯನ್ನು ಮೌಂಟಿನ ಪಕ್ಕ ಹಿಡಿದು ನಂಬಬೇಡಿ. ಕಬ್ಬಿಣ ಮತ್ತು ಮೋಟಾರು ಅದನ್ನು ತಪ್ಪಿಸುತ್ತವೆ. ಕಾಂತೀಯ ಉತ್ತರವೂ ನಿಜವಾದ ಉತ್ತರವೂ ಬೇರೆ ಬೇರೆ ಎನ್ನುವುದಂತೂ ಇದ್ದೇ ಇದೆ.

ನೆರಳು ಇನ್ನೂ ಒಳ್ಳೆಯದು. ಆದರೆ ಮಧ್ಯಾಹ್ನದ ನೆರಳನ್ನು ನೆಚ್ಚಿಕೊಳ್ಳಬೇಡಿ, ಇಲ್ಲಿ ಸೂರ್ಯ ನೆತ್ತಿಯ ಹತ್ತಿರ ಹೋಗುವುದರಿಂದ ಆ ನೆರಳು ಮೊಂಡು. ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ನೆರಳಿನ ತುದಿಗೆ ಗುರುತು ಹಾಕಿ, ಕೋಲಿನ ಬುಡದಿಂದ ಆ ಗುರುತಿನವರೆಗೆ ದಾರ ಹಿಡಿದು ವೃತ್ತ ಎಳೆಯಿರಿ. ಮಧ್ಯಾಹ್ನದ ಮೇಲೆ ನೆರಳಿನ ತುದಿ ಮತ್ತೆ ಅದೇ ವೃತ್ತ ಮುಟ್ಟಿದಾಗ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ, ಅದಕ್ಕೆ ಅಡ್ಡಗೆರೆ ಉತ್ತರ-ದಕ್ಷಿಣ. ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವದ ದಿನ ಸಮಭಾಜಕದ ಮೇಲಿದ್ದರೆ ವೃತ್ತವೂ ಬೇಡ, ನೆರಳು ದಿನವಿಡೀ ಪೂರ್ವ-ಪಶ್ಚಿಮ ಗೆರೆಯ ಮೇಲೆಯೇ ಸರಿಯುತ್ತದೆ.

ಧ್ರುವ ನಕ್ಷತ್ರ ಒಂದೊಂದು ಸಲ ಮಂಜಿನಲ್ಲಿ ಕಾಣುತ್ತೆ. ಅದಕ್ಕೇ ಗುರಿ ಇಟ್ರೆ ಆಗಲ್ವಾ?

ದಿಕ್ಕಿಗೆ ಆಗುತ್ತದೆ, ಎತ್ತರಕ್ಕೆ ಆಗುವುದಿಲ್ಲ. ಕ್ಷಿತಿಜದ ಹತ್ತಿರ ವಾತಾವರಣ ಬೆಳಕನ್ನು ಬಗ್ಗಿಸಿ ನಕ್ಷತ್ರವನ್ನು ಮೇಲೆತ್ತಿ ತೋರಿಸುತ್ತದೆ. 10 ಡಿಗ್ರಿ ಎತ್ತರದಲ್ಲಿ ಇದು 5 ಆರ್ಕ್‌ಮಿನಿಟ್ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್), 5 ಡಿಗ್ರಿಯಲ್ಲಿ ಸುಮಾರು 10, 1 ಡಿಗ್ರಿಯಲ್ಲಿ 20ಕ್ಕೂ ಜಾಸ್ತಿ. ಕಂಡ ಜಾಗಕ್ಕೆ ಅಕ್ಷ ಹಿಡಿದರೆ ಅಷ್ಟೂ ತಪ್ಪು ಮೌಂಟಿಗೆ ಬರುತ್ತದೆ. ಮೇಲಿನ ಆಕಾಶದ ಫೋಟೋಗೆ ಅಕ್ಷ ನಿಜವಾದ ಧ್ರುವದ ಕಡೆಗಿರಬೇಕು. ಅದೂ ಅಲ್ಲದೆ ಧ್ರುವ ನಕ್ಷತ್ರವೇ ಧ್ರುವದಿಂದ ಅರ್ಧ ಡಿಗ್ರಿಗಿಂತ ಜಾಸ್ತಿ ದೂರ ಇದೆ. ದಕ್ಷಿಣದವರ ಧ್ರುವ ನಕ್ಷತ್ರ ಸಿಗ್ಮಾ ಆಕ್ಟಾಂಟಿಸ್ ಸುಮಾರು 5.4 ಕಾಂತಿಮಾನದ್ದು, ಅಂದರೆ ತೀರಾ ಮಂಕು, ಕ್ಷಿತಿಜದ ದೂಳಿನಲ್ಲಿ ಅದನ್ನು ಹುಡುಕುವುದೇ ಬೇಡ.

ಮೌಂಟಿನ ಅಕ್ಷಾಂಶದ ಸ್ಕೇಲ್ ನಂಬಬಹುದಾ?

ಒರಟು ಅಂದಾಜಿಗೆ ಮಾತ್ರ. ಇಲ್ಲಿ ನಮಗೊಂದು ಅನುಕೂಲವಿದೆ: ಅಕ್ಷ ಬಹುತೇಕ ಮಟ್ಟ, ಹಾಗಾಗಿ ರಸಮಟ್ಟವೇ ಅಳತೆಗೋಲು. ಡೆಕ್ಕನ್ನು 90ಕ್ಕೆ ತಂದು ಟ್ಯೂಬನ್ನು ಆರ್‌ಎ ಅಕ್ಷದ ಉದ್ದಕ್ಕೆ ಹಿಡಿಯಿರಿ. ಆರ್‌ಎ ತಿರುಗಿಸಿ ಕೌಂಟರ್‌ವೇಟ್ ಸರಳನ್ನು ಪೂರ್ವಕ್ಕೆ ಅಡ್ಡ ಮಾಡಿ, ಟ್ಯೂಬಿನ ಉದ್ದಕ್ಕೂ ಡಿಜಿಟಲ್ ಲೆವೆಲ್ ಇಟ್ಟು ಓದಿ. ಈಗ ಸರಳನ್ನು ಪಶ್ಚಿಮಕ್ಕೆ ತಿರುಗಿಸಿ ಮತ್ತೆ ಓದಿ. 2.6 ಮತ್ತು 1.8 ಬಂದರೆ ಅಕ್ಷದ ಎತ್ತರ 2.2 ಡಿಗ್ರಿ. ಟ್ಯೂಬು ಅಕ್ಷಕ್ಕೆ ಸ್ವಲ್ಪ ಓರೆಯಾಗಿದ್ದರೂ ಸರಾಸರಿಯಲ್ಲಿ ಆ ತಪ್ಪು ಕಳೆದುಹೋಗುತ್ತದೆ. ಹಗಲು ಬೆಳಕಿನಲ್ಲೇ ಮುಗಿಯುವ ಕೆಲಸ.

ಯಾವ ಸಾಫ್ಟ್‌ವೇರ್ ಬಳಸಲಿ? ಪೋಲ್‌ಮಾಸ್ಟರ್ ತಗೊಂಡ್ರೆ ಆಗುತ್ತಾ?

ಪೋಲ್‌ಮಾಸ್ಟರ್, ಐಪೋಲಾರ್, ಶಾರ್ಪ್‌ಕ್ಯಾಪ್‌ನ ಪೋಲಾರ್ ಅಲೈನ್ಮೆಂಟ್ ಎಲ್ಲವೂ ಧ್ರುವದ ಸುತ್ತಲಿನ ನಕ್ಷತ್ರಗಳನ್ನು ನೋಡಲೇಬೇಕು. ಧ್ರುವ ಮರೆಯಾದ ಕಡೆ ಅವಕ್ಕೆ ಕೆಲಸವಿಲ್ಲ. ಆಕಾಶದ ಯಾವ ಮೂಲೆಯಿಂದಲಾದರೂ ಲೆಕ್ಕ ಹಾಕುವ ನೀನಾ (NINA) ಎಂಬ ಸಾಫ್ಟ್‌ವೇರಿನ ಮೂರು ಬಿಂದುಗಳ ಪೋಲಾರ್ ಅಲೈನ್ಮೆಂಟ್ ಪ್ಲಗಿನ್, ಎಎಸ್‌ಐ ಏರ್‌ನ ಆಲ್-ಸ್ಕೈ ವಿಧಾನ ಇಲ್ಲಿಗೆ ಹೇಳಿಮಾಡಿಸಿದಂತಿವೆ. ಕ್ಯಾಮರಾ ಇಲ್ಲದಿದ್ದರೆ ಸೆಲೆಸ್ಟ್ರಾನ್ ಮತ್ತು ಸಿನ್‌ಸ್ಕ್ಯಾನ್ ಕಂಟ್ರೋಲರುಗಳಲ್ಲಿ ಧ್ರುವ ನೋಡದೆ ಅಲೈನ್ ಮಾಡುವ ಕ್ರಮ ಇದೆ.

ಡ್ರಿಫ್ಟ್ ವಿಧಾನ ಸಮಭಾಜಕದಲ್ಲೂ ಅದೇನಾ?

ಅದೇ, ಇನ್ನೂ ಸ್ಪಷ್ಟ. ಟ್ರ್ಯಾಕಿಂಗ್ ಹಾಕಿ, ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಜಾರುವುದನ್ನು ನೋಡಿ ಅಕ್ಷ ತಿದ್ದುವ ವಿಧಾನ ಇದು. ಖಗೋಳ ಸಮಭಾಜಕ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿರುವ ಗೆರೆ) ಇಲ್ಲಿ ನೇರ ಪೂರ್ವದಿಂದ ನೆತ್ತಿಯ ಮೇಲೆ ಹಾದು ಪಶ್ಚಿಮಕ್ಕೆ ಇಳಿಯುತ್ತದೆ. ಅದರ ಮೇಲೆಯೇ ಕೂತ ನಕ್ಷತ್ರಗಳು ಬೇಕು. ಓರಿಯಾನ್ ಬೆಲ್ಟಿನ ಮಿಂಟಕ, ಕುಂಭದ ಸದಲ್‌ಮೆಲಿಕ್, ಕನ್ಯೆಯ ಈಟಾ ಮೂರೂ ಸಮಭಾಜಕದಿಂದ ಒಂದು ಡಿಗ್ರಿಯೊಳಗಿವೆ. ವರ್ಷದ ಹೆಚ್ಚಿನ ಕಾಲ ಇವುಗಳಲ್ಲಿ ಒಂದಾದರೂ ಸಿಗುತ್ತದೆ.

ಉತ್ತರಕ್ಕೆ ತಿರುಗಿಸಿದ ಮೌಂಟಿಗೆ ನಿಯಮ ಹೀಗೆ. ನೆತ್ತಿಯ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಸರಿದಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಪೂರ್ವದ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ದಕ್ಷಿಣಕ್ಕೆ ತಿರುಗಿಸಿದ ಮೌಂಟಿಗೆ ಎಲ್ಲವೂ ಅದಲುಬದಲು. ಪೂರ್ವದ ನಕ್ಷತ್ರ 30 ಡಿಗ್ರಿಗಿಂತ ಮೇಲಿರಲಿ, ಕೆಳಗಿದ್ದರೆ ವಾತಾವರಣ ಮೋಸ ಮಾಡುತ್ತದೆ. ಅಕ್ಷ 10 ಆರ್ಕ್‌ಮಿನಿಟ್ ತಪ್ಪಿದ್ದರೆ ನಿಮಿಷಕ್ಕೆ ಸುಮಾರು 2.6 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಮಿನಿಟಿಗೆ 60) ಜಾರಿಕೆ, ಐದು ನಿಮಿಷ ಕಾದರೆ 13. ಗೈಡಿಂಗ್ ಕ್ಯಾಮರಾದಲ್ಲಿ ಅದು ಸಲೀಸಾಗಿ ಕಾಣುತ್ತದೆ.

## ಪಳಗಿದವರು ಕೇಳುವುದು

ನೆತ್ತಿ ಮೇಲಿನ ನಕ್ಷತ್ರ ನೋಡ್ತಾ ಅಜಿಮತ್ ತಿರುಪು ಎಷ್ಟು ತಿರುಗಿಸಿದ್ರೂ ನಕ್ಷತ್ರ ಕದಲೋದೇ ಇಲ್ಲ. ಮೌಂಟ್ ಕೆಟ್ಟಿದೆಯಾ?

ಮೌಂಟ್ ಚೆನ್ನಾಗಿದೆ. ಅಜಿಮತ್ ತಿರುಪು ಮೌಂಟನ್ನು ನೆಲಕ್ಕೆ ಲಂಬವಾದ ಗೆರೆಯ ಸುತ್ತ ತಿರುಗಿಸುತ್ತದೆ. ಆ ಗೆರೆ ನೆತ್ತಿಯನ್ನೇ ಮುಟ್ಟುವುದರಿಂದ ಅಲ್ಲಿನ ನಕ್ಷತ್ರ ಇದ್ದಲ್ಲೇ ಇರುತ್ತದೆ, ಚಿತ್ರ ಮಾತ್ರ ಸುತ್ತುತ್ತದೆ. ಹಾಗೆಯೇ ನೇರ ಪೂರ್ವದಲ್ಲಿ ಕ್ಷಿತಿಜದ ಹತ್ತಿರದ ನಕ್ಷತ್ರಕ್ಕೆ ಆಲ್ಟಿಟ್ಯೂಡ್ ಬೋಲ್ಟು ಏನೂ ಮಾಡುವುದಿಲ್ಲ. ಅಂದರೆ ಸಮಭಾಜಕದಲ್ಲಿ ತಪ್ಪನ್ನು ಚೆನ್ನಾಗಿ ತೋರಿಸುವ ಜಾಗ ಒಂದು, ತಿದ್ದುವುದನ್ನು ಕಣ್ಣಾರೆ ನೋಡುವ ಜಾಗ ಇನ್ನೊಂದು. ನಕ್ಷತ್ರವನ್ನು ನಡುವಿಗೆ ತನ್ನಿ ಎಂದು ಕಂಟ್ರೋಲರ್ ಹೇಳುವ ವಿಧಾನಗಳಲ್ಲಿ, ಮೆರಿಡಿಯನ್ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆ) ಮೇಲೆ ಉತ್ತರಕ್ಕೋ ದಕ್ಷಿಣಕ್ಕೋ 45ರಿಂದ 60 ಡಿಗ್ರಿ ಎತ್ತರದಲ್ಲಿರುವ ನಕ್ಷತ್ರ ಆರಿಸಿ. ಅಲ್ಲಿ ಎರಡೂ ತಿರುಪುಗಳು ನಕ್ಷತ್ರವನ್ನು ಬೇರೆ ಬೇರೆ ದಿಕ್ಕಿಗೆ ಸರಿಸುತ್ತವೆ.

ಇನ್ನೊಂದು ವಿಷಯ. 60 ಡಿಗ್ರಿ ಅಕ್ಷಾಂಶದಲ್ಲಿ ಅಜಿಮತ್ ಒಂದು ಡಿಗ್ರಿ ತಿರುಗಿಸಿದರೆ ಅಕ್ಷ ಆಕಾಶದಲ್ಲಿ ಅರ್ಧ ಡಿಗ್ರಿ ಮಾತ್ರ ಸರಿಯುತ್ತದೆ. ಇಲ್ಲಿ ಪೂರ್ತಿ ಒಂದು ಡಿಗ್ರಿ. ಬೇರೆಡೆಯಿಂದ ಬಂದವರು ಕೈ ಸ್ವಲ್ಪ ಹಗುರ ಮಾಡಿಕೊಳ್ಳಿ.

ಹೋಮ್ ಪೊಸಿಷನ್‌ನಲ್ಲಿ ಪ್ಲೇಟ್ ಸಾಲ್ವ್ ಫೇಲ್ ಆಗುತ್ತೆ.

ಹೋಮ್‌ನಲ್ಲಿ ಟ್ಯೂಬು ಧ್ರುವದ ಕಡೆ, ಅಂದರೆ ಇಲ್ಲಿ ಕ್ಷಿತಿಜಕ್ಕೆ ಮುಖ ಮಾಡಿರುತ್ತದೆ. ಪ್ಲೇಟ್ ಸಾಲ್ವ್ ಫೋಟೋದ ನಕ್ಷತ್ರಗಳನ್ನು ನೋಡಿ ಟ್ಯೂಬು ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ, ಆದರೆ ಅಲ್ಲಿ ಕ್ಯಾಮರಾಕ್ಕೆ ಕಾಣುವುದು ಮರ, ಗೋಡೆ, ಹೊಗೆ. ಟ್ಯೂಬನ್ನು ಮೊದಲು ಮೇಲಿನ ಆಕಾಶಕ್ಕೆ ಕಳಿಸಿ, ಅಲ್ಲಿ ಸಾಲ್ವ್ ಮಾಡಿಸಿ. ಮೂರು ಬಿಂದುಗಳ ವಿಧಾನವನ್ನೂ ಹೋಮ್‌ನಿಂದ ಶುರು ಮಾಡಬೇಡಿ.

ಮೆರಿಡಿಯನ್ ದಾಟುವಾಗ ಕ್ಯಾಮರಾ ಕಾಲಿಗೆ ತಾಗುತ್ತೆ. ಎಷ್ಟು ಹೊತ್ತಿಗೆ ಫ್ಲಿಪ್ ಇಡಲಿ?

ಫ್ಲಿಪ್ ಎಂದರೆ ಟ್ಯೂಬನ್ನು ಮೌಂಟಿನ ಇನ್ನೊಂದು ಬದಿಗೆ ಹೊರಳಿಸುವುದು. ಅದರ ಹೊತ್ತಿಗೆ ಎಲ್ಲರಿಗೂ ಹೊಂದುವ ಅಂಕಿ ಇಲ್ಲ, ನಿಮ್ಮ ಟ್ಯೂಬಿನ ಉದ್ದದ ಮೇಲೆ ನಿಂತಿದೆ. ಸಮಭಾಜಕದಲ್ಲಿ ನೆತ್ತಿಯ ವಸ್ತುಗಳು ತುಂಬಾ, ಉದ್ದ ರಿಫ್ರಾಕ್ಟರಿನ ಹಿಂಬದಿ ಆಗ ನೇರ ಕೆಳಗಿಳಿಯುತ್ತದೆ. ಹಗಲಿನಲ್ಲಿ ಕ್ಲಚ್ ಸಡಿಲಿಸಿ, ಕ್ಯಾಮರಾ ಹಾಕಿದ ಟ್ಯೂಬನ್ನು ಕೈಯಲ್ಲೇ ನೆತ್ತಿಗೆ ತನ್ನಿ. ಅಲ್ಲಿಂದ ನಿಧಾನಕ್ಕೆ ಪಶ್ಚಿಮಕ್ಕೆ ಆಡಿಸಿ, ಎಲ್ಲಿ ತಾಗುತ್ತದೆ ಎಂದು ಆರ್‌ಎ ಸ್ಕೇಲಿನಲ್ಲಿ ಗುರುತು ಮಾಡಿ. ಡೆಕ್ಕನ್ನು ಉತ್ತರಕ್ಕೂ ದಕ್ಷಿಣಕ್ಕೂ 30 ಡಿಗ್ರಿ ಸರಿಸಿ ಇದನ್ನೇ ಮತ್ತೆ ಮಾಡಿ. ಅತಿ ಬೇಗ ತಾಗಿದ ಜಾಗಕ್ಕಿಂತ 10 ನಿಮಿಷ ಮುಂಚೆ ಮಿತಿ ಇಡಿ. ಮೆರಿಡಿಯನ್ನಿಗೆ ಮುಂಚೆಯೇ ತಾಗುತ್ತಿದ್ದರೆ ಪಿಯರ್ ಎಕ್ಸ್‌ಟೆನ್ಶನ್ ಬಿಟ್ಟು ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಮಾಡಿದ್ಮೇಲೆ ಬೇರೆಯವರಿಗೆ ಸಿಗದೇ ಇರೋದು ನಮಗೇನು ಸಿಗುತ್ತೆ?

ಇಡೀ ಆಕಾಶ. ಎರಡೂ ಧ್ರುವಗಳು ಕ್ಷಿತಿಜದಲ್ಲಿರುವುದರಿಂದ ಸಪ್ತರ್ಷಿ ಮಂಡಲವೂ ತ್ರಿಶಂಕುವೂ ಒಂದೇ ಅಂಗಳದಿಂದ ಕಾಣುತ್ತವೆ. ಯಾವ ನಕ್ಷತ್ರವೂ ಸದಾ ಮರೆಯಲ್ಲಿ ಉಳಿಯುವುದಿಲ್ಲ, ಪ್ರತಿಯೊಂದೂ ಸುಮಾರು ಹನ್ನೆರಡು ಗಂಟೆ ಕ್ಷಿತಿಜದ ಮೇಲಿರುತ್ತದೆ. ಗ್ರಹಗಳು ನೆತ್ತಿಯ ಆಸುಪಾಸಿನಲ್ಲೇ ಹಾದುಹೋಗುತ್ತವೆ, ಅಲ್ಲಿ ಗಾಳಿಯ ಪದರ ತೆಳು. ಮ್ಯಾಗೆಲಾನಿಕ್ ಮೋಡಗಳು ಮಾತ್ರ ದಕ್ಷಿಣ ಕ್ಷಿತಿಜಕ್ಕೆ ಹತ್ತಿರವೇ ಇರುತ್ತವೆ. ದೊಡ್ಡ ಮೋಡ 20 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದರ ಫೋಟೋ ಬೇಕಿದ್ದರೆ ದಕ್ಷಿಣ ದಿಕ್ಕು ತೆರೆದಿರುವ ಜಾಗದಲ್ಲಿ ಟ್ರೈಪಾಡ್ ಊರಿ, ಅದು ಮೆರಿಡಿಯನ್ ಮುಟ್ಟುವ ಒಂದು ಗಂಟೆ ಮೊದಲೇ ಶುರು ಮಾಡಿ.